ಬಾಯೊಳಗಿನ ಕಲ್ಲು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಮನಸ್ಸು ಅಳುಕಿದಾಗ ಜನ ದೇವರ ಹತ್ತಿರ ಹೂ ಕೇಳ್ತಾರೆ. ಬಲಗಡೆ ಬಿದ್ದರೆ ದೇವರು ಕೈಬಿಟ್ಟಿಲ್ಲ ಅಂತ ಧೈರ್ಯ. ಗುಡಿಯ ಬಾಗಿಲಾಚೆ ನಿಲ್ಲಿಸಿದ ಹೊಲಗೇರಿಯವರಿಗೆ ಯಾವ ಹೂ?

ಈ ಪ್ರಶ್ನೆ ಇಟ್ಟುಕೊಂಡೇ ಚಿಂತಾಮಣಿ ತಾಲ್ಲೂಕಿನ ಕೈವಾರ ತಾತಯ್ಯನ ಕತೆ ಓದಬೇಕು. ಬಳೆ ಮಾರುತ್ತಿದ್ದ ನಾರಣಪ್ಪನಿಗೆ ಗುರು ಒಂದು ಕಲ್ಲು ಕೊಟ್ಟು, ಬಾಯಲ್ಲಿಟ್ಟುಕೊಂಡು ಜಪ ಮಾಡು ಅಂದನಂತೆ. ಅದು ಕಲ್ಲುಸಕ್ಕರೆಯಾದದ್ದೇ ದೇವರು ಒಲಿದ ಗುರುತು. ಭಕ್ತರು ಪವಾಡ ಅಂತ ಕೈಮುಗಿದು ಸುಮ್ಮನಾಗ್ತಾರೆ. ಕತೆಯ ಬಂಡಾಯ ಅವರಿಗೆ ಕಾಣೋದಿಲ್ಲ. ಇಲ್ಲಿ ದೇವರ ಗುರುತು ದುಡಿದು ತಿನ್ನೋನ ಬಾಯಲ್ಲೇ ಹುಟ್ಟುತ್ತೆ, ಪೂಜಾರಿಯ ಹಂಗಿಲ್ಲ.

ಕತೆಯ ಕೊರತೆಯೂ ಇಲ್ಲೇ ಇದೆ. ಸಿಹಿಯಾದದ್ದು ಒಬ್ಬನ ಬಾಯಿ. ಅದೇ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು 7 ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಬಡ ಸಾಕ್ಷಿಗಳನ್ನು ದೂರಿ ಫಲವಿಲ್ಲ. ಭಯ ತುರುಕಿದ ಕಲ್ಲು ಜಪಕ್ಕೆ ಕರಗುವಂಥದ್ದಲ್ಲ.

ದೇವರಿದ್ದಾನೋ ಇಲ್ಲವೋ ಅಂತ ಅನುಮಾನ ಬಂದವರು ಇನ್ನೆಷ್ಟು ದಿನ ಹೂ ಬೀಳೋದನ್ನ ಕಾಯಬೇಕು? ಪಕ್ಕದ ಮನೆಯವನು ಹೆದರದೆ ಕೋರ್ಟಿನಲ್ಲಿ ಕಂಡದ್ದು ಹೇಳಿದ ದಿನ ನಮಗೆ ಗುರುತು ಸಿಕ್ಕಿತು. ಅವನ ಬೆನ್ನಿಗೆ ಊರಿಗೆ ಊರೇ ನಿಲ್ಲುವಂತೆ ಮಾಡೋದು ನಮ್ಮ ಕೆಲಸ.