ಗಂಗಾವಳಿಯ ತಳ ಮತ್ತು ಟಿ.ವಿ. ಪರದೆ

2024ರ ಜುಲೈ 16ರಂದು ಬಾಳೆಗುಳಿಯಿಂದ ದಕ್ಷಿಣಕ್ಕೆ, ಅದೇ ಹೆದ್ದಾರಿಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಜನರೂ ವಾಹನಗಳೂ ಗಂಗಾವಳಿ ನದಿಯ ಪಾಲಾದವು. ಕೇರಳದ ಲಾರಿಯೊಂದರ ಹುಡುಕಾಟವನ್ನು ಚಾನೆಲ್‌ಗಳು ಧಾರಾವಾಹಿಯಂತೆ ತೋರಿಸಿದವು. ಮುಳುಗುತಜ್ಞ ಈಶ್ವರ ಮಲ್ಪೆ ಅದರ ನಾಯಕರಾದರು. ಅವರ ಧೈರ್ಯಕ್ಕೆ ಸಲಾಂ. ನನ್ನ ತಕರಾರು ಕ್ಯಾಮೆರಾದ ಬಗ್ಗೆ.

ಆಗಸ್ಟ್‌ನಲ್ಲಿ ಅವರಿಗೆ ಲಾರಿಯ ಜಾಕ್ ಸಿಕ್ಕಿತು. ಪರದೆಯ ಮೇಲೆ ಅದೊಂದು ಬ್ರೇಕಿಂಗ್ ನ್ಯೂಸ್, ಅಷ್ಟೇ. ಆದರೆ ನೀರಿನಡಿಯ ತನಿಖೆಯಲ್ಲಿ ವಸ್ತುವಿನಷ್ಟೇ ಅದು ಬಿದ್ದಿದ್ದ ಜಾಗವೂ ಸಾಕ್ಷಿ. ಎಷ್ಟು ಆಳ, ದಡದಿಂದ ಎಷ್ಟು ದೂರ, ಯಾವ ದಿಕ್ಕು ಎಂದು ಗುರುತು ಹಾಕಿಕೊಂಡ ಮೇಲೆಯೇ ಎತ್ತಬೇಕು. ಮಳೆಗಾಲದ ಕೆಸರುನೀರಿನಲ್ಲಿ ಕಣ್ಣಿಗೆ ಕೆಲಸವಿಲ್ಲ. ಹಗ್ಗ ಹಿಡಿದು, ಕೈಯಿಂದ ತಡವುತ್ತಾ ಸಾಗಬೇಕು. ಈ ನಿಧಾನದ ಕೆಲಸವನ್ನು ಯಾವ ನಿರೂಪಕನೂ ವಿವರಿಸಿದ್ದನ್ನು ನಾನು ಕೇಳಲಿಲ್ಲ. ಗಂಟಲು ಮಾತ್ರ ಎಲ್ಲರದೂ ದೊಡ್ಡದೇ ಇತ್ತು.

ಸೆಪ್ಟೆಂಬರ್ 25ರಂದು, ಗೋವಾದಿಂದ ತಂದ ಡ್ರೆಜ್ಜರ್ ನೆರವಿನಿಂದ ಲಾರಿ ಮೇಲೆ ಬಂತು. ಒಳಗೆ ಚಾಲಕನ ದೇಹವಿತ್ತು. ಡಿಎನ್‌ಎ ಪರೀಕ್ಷೆಯ ಬಳಿಕ ಮನೆಯವರಿಗೆ ಒಪ್ಪಿಸಿದರು. ಕಾಣೆಯಾಗಿದ್ದ ಇನ್ನಿಬ್ಬರು, ನಮ್ಮ ಜಿಲ್ಲೆಯವರು, ಆ ದಿನವೂ ಸಿಕ್ಕಿರಲಿಲ್ಲ. ನನ್ನ ಮನೆಯ ಪರದೆಯಿಂದ ಶಿರೂರು ಮಾಯವಾದದ್ದು ಮಾತ್ರ ಅದೇ ವಾರ.