ಮನೆ ಹರಾಜಾಯ್ತು, ನಷ್ಟ ಹಾಗೇ ಉಳೀತು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಕಡೆಯಿಂದ ಬೆಂಗಳೂರಿಗೆ ಬಂದು ಕೆಲಸ ಹಿಡಿದವರಿಗೆ ಒಂದು ಲೆಕ್ಕಾಚಾರ ಇದ್ದೇ ಇರುತ್ತೆ: ಅಪ್ಪನಿಂದ ಬಂದ ಸೈಟಿನಲ್ಲಿ ಸಾಲ ಮಾಡಿ ಎರಡು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟರೆ ಟ್ಯಾಕ್ಸೂ ಉಳಿಯುತ್ತೆ. ಸರಿ. ಆದರೆ ಕೆಲಸ ಹೋಗಿ, ಕಂತು ನಿಂತು, ಮನೆ ಹರಾಜಾದರೆ? ಆಗ ಆದಾಯ ತೆರಿಗೆ ಕಾಯ್ದೆ ನಡೆದುಕೊಳ್ಳೋ ರೀತಿ ನ್ಯಾಯವಾಗಿಲ್ಲ.

ಒಂದು ಉದಾಹರಣೆ ತಗೊಳ್ಳೋಣ. ಸಾಲ 50 ಲಕ್ಷ, ವರ್ಷದ ಬಡ್ಡಿ 4.5 ಲಕ್ಷ, ತಿಂಗಳ ಬಾಡಿಗೆ 15 ಸಾವಿರ. ವರ್ಷದ 1.8 ಲಕ್ಷ ಬಾಡಿಗೆಯಲ್ಲಿ ಶೇ. 30 ಕಳೆದರೆ 1.26 ಲಕ್ಷ. ಅದರಿಂದ ಬಡ್ಡಿ ಕಳೆದರೆ ನಷ್ಟ 3.24 ಲಕ್ಷ. 2017ರ ಬಜೆಟ್ ತಂದ ಮಿತಿಯಿಂದಾಗಿ ಸಂಬಳದ ಎದುರು ಕಳೆಯಬಹುದಾದ್ದು 2 ಲಕ್ಷ ಮಾತ್ರ, ಅದೂ ಹಳೇ ಪದ್ಧತಿಯಲ್ಲಿದ್ದರೆ. ಹೊಸ ಪದ್ಧತಿಯಲ್ಲಿ ಸಂಬಳದ ಎದುರು ಒಂದು ರೂಪಾಯಿನೂ ಇಲ್ಲ. ಮಿಕ್ಕ 1.24 ಲಕ್ಷವನ್ನ 8 ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ಮನೆ ಬಾಡಿಗೆ ಆದಾಯದ ಎದುರು ಮಾತ್ರ ಕಳೆಯಬೇಕು. ಮೂರು ವರ್ಷಕ್ಕೆ 3.72 ಲಕ್ಷ ಸೇರಿತು ಅಂದುಕೊಳ್ಳಿ.

ಈಗ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸು ಕೊಟ್ಟು ಹರಾಜು ಹಾಕುತ್ತೆ. ಕಬ್ಬಿನ ಗದ್ದೆಗೆ ಆ ಕಾಯ್ದೆ ಅನ್ವಯಿಸಲ್ಲ, ಪಟ್ಟಣದ ಮನೆಗೆ ಅನ್ವಯಿಸುತ್ತೆ. ಮನೆ 70 ಲಕ್ಷಕ್ಕೆ ಹೋಯ್ತು, ಅಷ್ಟನ್ನೂ ಬ್ಯಾಂಕು ಬಾಕಿಗೆ ಹಿಡಿದುಕೊಳ್ತು. ನಿಮ್ಮ ಅಸಲು ಖರ್ಚು 55 ಲಕ್ಷ ಆಗಿದ್ದರೆ 15 ಲಕ್ಷ ಬಂಡವಾಳ ಲಾಭ, 12.5% ದರದಲ್ಲಿ, ಸೆಸ್ ಸೇರಿ 1.95 ಲಕ್ಷ ತೆರಿಗೆ. ಕೈಗೆ ಬಂದದ್ದು ಸೊನ್ನೆ. ಹಳೇ 3.72 ಲಕ್ಷ ನಷ್ಟವನ್ನ ಈ ಲಾಭದ ಎದುರು ಕಳೆಯೋ ಹಾಗಿಲ್ಲ. ಇನ್ನೊಂದು ಬಾಡಿಗೆ ಮನೆ ಇಲ್ಲದಿದ್ದರೆ 8 ವರ್ಷದಲ್ಲಿ ಅದು ತಾನಾಗೇ ಸಾಯುತ್ತೆ.

ಬ್ಯಾಂಕು ತಗೊಂಡ ದುಡ್ಡು ನಮ್ಮ ಲಾಭ ಹೇಗಾಗುತ್ತೆ ಅಂತ ಕೇಳಬಹುದು. ಅತ್ತಿಲಿ ಎನ್. ರಾವ್ ಪ್ರಕರಣದಲ್ಲಿ 2001ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ಮಾಲೀಕನೇ ಮಾಡಿದ ಅಡಮಾನದ ಬಾಕಿಯನ್ನ ಹರಾಜಿನ ಬೆಲೆಯಿಂದ ಕಳೆಯುವಂತಿಲ್ಲ. ಇದರಲ್ಲಿ ತರ್ಕ ಇದೆ, ಸಾಲದ ದುಡ್ಡು ಬಳಸಿದವರು ನಾವೇ ತಾನೆ. ನನ್ನ ತಕರಾರು ತೀರ್ಪಿನ ಮೇಲಲ್ಲ. ಲಾಭದ ಹೊತ್ತಿಗೆ ಮನೆ ನಿಮ್ಮದೇ ಅನ್ನೋ ಕಾಯ್ದೆ, ಅದೇ ಮನೆಯ ನಷ್ಟವನ್ನ ಬೇರೆ ಡಬ್ಬಿಗೆ ಹಾಕಿ ಬೀಗ ಜಡಿಯೋದ್ಯಾಕೆ?

ಅಮೆರಿಕ ಕೂಡ 1986ರಲ್ಲಿ ಬಾಡಿಗೆ ಮನೆ ನಷ್ಟಕ್ಕೆ ಮಿತಿ ಹಾಕಿತು. ಆದರೆ ಅಲ್ಲಿ ಮನೆ ಪೂರ್ತಿ ಕೈಬಿಟ್ಟ ವರ್ಷ, ಬ್ಯಾಂಕು ಕಿತ್ತುಕೊಂಡಿದ್ದರೂ, ತಡೆಹಿಡಿದ ನಷ್ಟ ಬಿಡುಗಡೆಯಾಗುತ್ತೆ. ನಮ್ಮಲ್ಲೂ ಒಂದು ಸಾಲಿನ ತಿದ್ದುಪಡಿ ಸಾಕು: ಮನೆ ಹರಾಜಾದ ವರ್ಷ, ಅದೇ ಮನೆಯ ಹಳೇ ನಷ್ಟವನ್ನ ಅದೇ ಮನೆಯ ಲಾಭದ ಎದುರು ಕಳೆಯಲು ಬಿಡಿ.

ಹಾಗಾದ್ರೆ ಪಾಪರ್ ಚೀಟಿ ತಗೊಂಡುಬಿಡೋಣ ಅನ್ನೋರಿಗೊಂದು ಮಾತು. 2016ರ ದಿವಾಳಿ ಸಂಹಿತೆಯ ವ್ಯಕ್ತಿಗಳ ಭಾಗ 2019ರ ಡಿಸೆಂಬರಿನಿಂದ ಜಾರಿಯಾಗಿರೋದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಸಂಬಳದಾರರಿಗೆ ಉಳಿದಿರೋದು 1920ರ ಬ್ರಿಟಿಷರ ಕಾಲದ ಕಾಯ್ದೆ.

ಆದ್ದರಿಂದ ಊರಲ್ಲಿ ಗುದ್ದಲಿ ಪೂಜೆಗೆ ಮುಂಚೆ ಎರಡು ಲೆಕ್ಕ ಬರೆದುಕೊಳ್ಳಿ: ಕಂತು ಕಟ್ಟೋವಾಗ ಎಷ್ಟು ಉಳಿಯುತ್ತೆ, ಕಂತು ನಿಂತರೆ ಎಷ್ಟು ತೆರಬೇಕು. ಸಾಲ ಕೊಡೋರು ನಿಮಗೆ ತೋರಿಸೋದು ಮೊದಲನೇದನ್ನ ಮಾತ್ರ.