ಸತ್ತವರ ಲೆಕ್ಕ

ಹೋದ ತಿಂಗಳು ಅಕ್ಕನ ಮನೆಯಲ್ಲಿ ರಾತ್ರಿ ಊಟ ಮುಗಿಸಿ ಎಲ್ಲರೂ 'ಟೇಕನ್' ಡಿವಿಡಿ ಹಾಕ್ಕೊಂಡು ಕೂತ್ವಿ. 2008ರ ಸಿನಿಮಾ. ಗೆಳತಿಯ ಜೊತೆ ಪ್ಯಾರಿಸ್ಸಿಗೆ ಹೋದ ಮಗಳನ್ನು ಹೆಣ್ಣುಮಕ್ಕಳನ್ನು ಮಾರುವ ಗ್ಯಾಂಗು ಎತ್ತಿಕೊಂಡು ಹೋಗುತ್ತೆ. ಸಿಐಎ ಕೆಲಸ ಬಿಟ್ಟಿರೋ ಅಪ್ಪ ಲಿಯಾಮ್ ನೀಸನ್ ಹುಡುಕಿಕೊಂಡು ಹೊರಡ್ತಾನೆ. ಒಂದೂವರೆ ಗಂಟೆ, ಎಲ್ಲೂ ಉಸಿರು ಬಿಡೋಕೆ ಪುರುಸೊತ್ತಿಲ್ಲ. ಭಾವ ಸೋಫಾದ ತುದಿಗೆ ಬಂದು ಕೂತಿದ್ರು. ಹಳೇ ಗೆಳೆಯ ಬಾಯಿ ಬಿಡಲಿ ಅಂತ ನೀಸನ್ ಅವನ ಹೆಂಡತಿಯ ತೋಳಿಗೆ ಗುಂಡು ಹೊಡೆದಾಗ "ಹಾಗೇ ಆಗ್ಬೇಕು" ಅಂದ್ರು. ಸುಳ್ಳು ಯಾಕೆ ಹೇಳಲಿ, ನನಗೂ ಖುಷಿಯೇ ಆಯ್ತು. ಊಟದ ಮೇಜಿನ ಮುಂದೆ ಕೂತಿದ್ದು ಬಿಟ್ಟರೆ ಆ ಹೆಂಗಸು ಮಾಡಿದ ತಪ್ಪೇನು ಅಂತ ಆಗ ಹೊಳೀಲಿಲ್ಲ.

ಮಗಳು ಸಿಕ್ಕಿದಳು. ಅವಳಿಗೆ ಹಾಡುಗಾರ್ತಿ ಆಗೋ ಆಸೆ, ಅಪ್ಪ ಅವಳನ್ನು ಹೆಸರುವಾಸಿ ಗಾಯಕಿಯ ಮನೆಗೆ ಕರ್ಕೊಂಡು ಹೋದ. ಶುಭಂ. ಆಗ ಅಕ್ಕ ಕೇಳಿದಳು, "ಆ ಇನ್ನೊಂದು ಹುಡುಗಿ?"

"ಸತ್ತೋದ್ಲಲ್ಲ, ಮಧ್ಯದಲ್ಲೇ ತೋರಿಸಿದ್ರಲ್ಲ" ಅಂದೆ.

"ಅದು ಗೊತ್ತು ಕಣೋ. ಅವಳ ಅಮ್ಮಂಗೆ ಯಾರು ಹೇಳಿದ್ರು?"

ಉತ್ತರ ಇರಲಿಲ್ಲ. ಅಮಂಡಾ ಅಂತ ಆ ಹುಡುಗಿಯ ಹೆಸರು. ನೀಸನ್ ಅವಳ ಹೆಣ ನೋಡ್ತಾನೆ, ಮುಂದಿನ ಕೋಣೆಗೆ ಹೋಗ್ತಾನೆ. ಕೊನೆಯಲ್ಲಿ ಯಾರ ಬಾಯಲ್ಲೂ ಅವಳ ಹೆಸರಿಲ್ಲ. ಮಗಳನ್ನು ಕಳಕೊಂಡ ಅಪ್ಪನ ಸಂಕಟವೇ ಕಥೆ ಅಂತ ಹೇಳೋ ಸಿನಿಮಾಗೆ ಇನ್ನೊಬ್ಬರ ಮಗಳು ಲೆಕ್ಕಕ್ಕೇ ಇಲ್ಲ.

ಇದಾದ ಮೇಲೆ ನೋಡಿದ್ದು ಅದೇ ವರ್ಷದ ಸ್ವೀಡನ್ನಿನ ಸಿನಿಮಾ, ತೋಮಸ್ ಆಲ್ಫ್ರೆಡ್‌ಸನ್ ನಿರ್ದೇಶನದ 'ಲೆಟ್ ದ ರೈಟ್ ಒನ್ ಇನ್'. ಸ್ಟಾಕ್‌ಹೋಮ್ ಹೊರವಲಯದ ಬಡಾವಣೆ, ಎಲ್ಲೆಲ್ಲೂ ಹಿಮ. ಶಾಲೆಯಲ್ಲಿ ಪೆಟ್ಟು ತಿನ್ನೋ 12 ವರ್ಷದ ಹುಡುಗನಿಗೆ ಪಕ್ಕದ ಮನೆಯ ಏಲಿ ಜೊತೆ ಸ್ನೇಹ ಆಗುತ್ತೆ. ಏಲಿ ರಕ್ತ ಕುಡಿದು ಬದುಕುವ ಜೀವ.

ಏಲಿ ಮೊದಲು ಕೊಲ್ಲೋದು ಒಬ್ಬ ಕುಡುಕನನ್ನ, ಸೇತುವೆ ಕೆಳಗೆ. ಬೇರೆ ಸಿನಿಮಾ ಆಗಿದ್ರೆ ಅವನನ್ನ ಅಲ್ಲಿಗೇ ಬಿಟ್ಟುಬಿಡ್ತಿದ್ರು. ಇಲ್ಲಿ ಅವನಿಗೊಬ್ಬ ಗೆಳೆಯ ಇದ್ದಾನೆ, ಲಾಕೆ. ಅವನ ದುಃಖ ಸಿನಿಮಾದ ಉದ್ದಕ್ಕೂ ನಮ್ಮ ಬೆನ್ನು ಬಿಡಲ್ಲ. ಲಾಕೆಯ ಗೆಳತಿ ಕಚ್ಚಿಸಿಕೊಂಡ ಮೇಲೆ, ತಾನೇನಾಗ್ತಿದೀನಿ ಅಂತ ಗೊತ್ತಾಗಿ, ಆಸ್ಪತ್ರೆಯಲ್ಲಿ ಕಿಟಕಿಯ ಪರದೆ ಸರಿಸೋಕೆ ಹೇಳ್ತಾಳೆ. ಬಿಸಿಲು ಬಿದ್ದಿದ್ದೇ ಉರಿದು ಹೋಗ್ತಾಳೆ. ಕೊನೆಗೆ ಈಜುಕೊಳದಲ್ಲಿ ಆ ಪೋಕರಿ ಹುಡುಗರಿಗೆ ಶಾಸ್ತಿ ಆಗುವಾಗ ನಮಗೆ ಒಳಗೊಳಗೇ ಖುಷಿ. ಆದ್ರೆ ಉಳಿದ ಒಬ್ಬ ಹುಡುಗ ಅಳ್ತಾ ಕೂತಿರೋದನ್ನೂ ಕ್ಯಾಮೆರಾ ತೋರಿಸುತ್ತೆ. ಖುಷಿಪಟ್ಟ ನಮಗೆ ಮುಖ ಮುಚ್ಚಿಕೊಳ್ಳೋ ಹಾಗಾಗುತ್ತೆ.

ರಕ್ತಪಿಶಾಚಿ ಸಿನಿಮಾಗಳೆಲ್ಲ ಹೀಗೇ ಅಂತಲ್ಲ. ಅದೇ ವರ್ಷ ಬಂದ 'ಟ್ವೈಲೈಟ್' ನೋಡಿ. ಅಲ್ಲಿನ ವ್ಯಾಂಪೈರ್ ಕುಟುಂಬ ಕುಡಿಯೋದು ಪ್ರಾಣಿಗಳ ರಕ್ತ, ಅದಕ್ಕೆ ತಮ್ಮನ್ನು ಸಸ್ಯಾಹಾರಿಗಳು ಅಂತ ಕರ್ಕೋತಾರೆ! ನಮ್ಮ ಅಜ್ಜಿ ಕೇಳಿಸಿಕೊಂಡಿದ್ರೆ ಮೂರು ಸಲ ಸ್ನಾನ ಮಾಡ್ತಿದ್ರು. ಬಿಸಿಲಿಗೆ ಬಂದ್ರೆ ಸುಡೋದಿಲ್ಲ, ಜರಿ ಸೀರೆ ಥರ ಮಿನುಗ್ತಾರೆ. ಹದಿಹರೆಯದವರ ಆಸೆ-ಅಂಜಿಕೆ ಅದರಲ್ಲಿ ಚೆನ್ನಾಗೇ ಬಂದಿದೆ, ಇಲ್ಲ ಅನ್ನಲ್ಲ. ಆದರೆ ರಕ್ತಪಿಶಾಚಿಯಾಗಿರೋದಕ್ಕೆ ತೆರಬೇಕಾದ ಬೆಲೆ ತೀರಾ ಕಮ್ಮಿ, ಹಾಗಾಗಿ ಭಯವೂ ಕಮ್ಮಿ.

ಹೊಡೆದಾಟ ಬೇಡ ಅಂತಾನೂ ನಾನು ಹೇಳ್ತಿಲ್ಲ. 2007ರ 'ದ ಬೋರ್ನ್ ಅಲ್ಟಿಮೇಟಮ್' ನನಗೆ ಪ್ರಾಣ. ಟ್ಯಾಂಜಿಯರ್‌ನಲ್ಲಿ ಮಹಡಿಯಿಂದ ಮಹಡಿಗೆ ಹಾರಿ, ಕೊನೆಗೆ ಬಚ್ಚಲುಮನೆಯಲ್ಲಿ ಒಬ್ಬನನ್ನು ಕೊಂದ ಮೇಲೆ ಬೋರ್ನ್ ಕೈ ತೊಳ್ಕೊಳ್ಳೋ ದೃಶ್ಯ ಇದೆ. ತಾನು ಕೊಂದವರ ಮುಖಗಳು ಕಾಣಿಸ್ತವೆ, ಹೆಸರು ಮಾತ್ರ ಗೊತ್ತಿಲ್ಲ ಅಂತಾನೆ. ಒಂದೆರಡು ನಿಮಿಷದ ಮಾತು. ಅಷ್ಟರಿಂದ ಸಿನಿಮಾದ ವೇಗವೇನೂ ಕಡಿಮೆ ಆಗಲಿಲ್ಲ. 'ಟೇಕನ್'ಗೂ ಅಮಂಡಾಳ ಮನೆಗೆ ಒಂದು ಫೋನ್ ಕರೆ ಸಾಕಿತ್ತು. ಫೋನಿನಲ್ಲಿ ಮಾತಾಡೋದ್ರಲ್ಲಿ ಆ ಅಪ್ಪ ಗಟ್ಟಿಗನೇ ಅಲ್ವಾ?

ಸ್ವೀಡನ್ನಿನ ಡಿವಿಡಿ ಅಕ್ಕನಿಗೆ ಕೊಟ್ಟು ಬಂದಿದೀನಿ, ರಕ್ತ ಜಾಸ್ತಿ ಇದೆ ಅಂತ ಮೊದಲೇ ಹೇಳಿ. ಅವಳಿನ್ನೂ ನೋಡಿಲ್ಲ. ಭಾವ ಮಾತ್ರ 'ಟೇಕನ್' ಎರಡನೇ ಸಲ ಮುಗಿಸಿದ್ರಂತೆ.